ಮೊದಲು ಮಗು, ಆಮೇಲೆ ಖರ್ಚಿನ ಬಿಲ್: ಕೆನಡಾದ ಮೂಲನಿವಾಸಿಗಳ ಆರೋಗ್ಯ ಮತ್ತು ಸಂಸತ್ತಿನ ಒಮ್ಮತ

ಒಂದು ಷವರ್‌ಗೆ ದುಡ್ಡು ಯಾರು ಕೊಡಬೇಕು? ಕೆನಡಾದಲ್ಲಿ ಎರಡು ಸರ್ಕಾರಗಳು ಈ ಪ್ರಶ್ನೆ ಹಿಡಿದು ಕೂತಿದ್ದವು. ಆಸ್ಪತ್ರೆಯಲ್ಲಿದ್ದ ಒಬ್ಬ ಪುಟ್ಟ ಹುಡುಗ ಮನೆಗೆ ಹೋಗಬೇಕಿತ್ತು. ಅವನ ಆರೈಕೆಗೆ ಬೇಕಾದ ಸಾಮಾನುಗಳಲ್ಲಿ ಪ್ರತಿಯೊಂದರ ಮೇಲೂ ಜಗಳ. ಅದರಲ್ಲಿ ಸ್ನಾನದ ಷವರ್ ಕೂಡ ಒಂದು.

ಹುಡುಗನ ಹೆಸರು ಜೋರ್ಡನ್ ರಿವರ್ ಆಂಡರ್ಸನ್. ಮ್ಯಾನಿಟೋಬಾ ಪ್ರಾಂತ್ಯದ ನಾರ್ವೆ ಹೌಸ್ ಎಂಬ ಊರಿನ ಕ್ರೀ ಸಮುದಾಯದವನು. 1999ರಲ್ಲಿ ಹುಟ್ಟಿದ. ಹುಟ್ಟಿನಿಂದಲೇ ಆರೋಗ್ಯದ ದೊಡ್ಡ ತೊಂದರೆಗಳಿದ್ದವು. ಹಾಗಾಗಿ ಊರಿನಿಂದ ನೂರಾರು ಕಿಲೋಮೀಟರ್ ದೂರದ ವಿನ್ನಿಪೆಗ್‌ನ ಆಸ್ಪತ್ರೆಯೇ ಅವನ ಲೋಕವಾಯಿತು. ಎರಡು ವರ್ಷ ತುಂಬಿದಾಗ ವೈದ್ಯರು, ಇನ್ನು ಇವನನ್ನು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬೇಕಿಲ್ಲ, ಸರಿಯಾದ ವ್ಯವಸ್ಥೆ ಇರುವ ಮನೆಯಲ್ಲಿ ನೋಡಿಕೊಳ್ಳಬಹುದು ಅಂದರು.

ಬೇರೆ ಮಗುವಾಗಿದ್ದರೆ ಪ್ರಾಂತ್ಯ ಸರ್ಕಾರ ಖರ್ಚು ಕೊಟ್ಟು ಕಳಿಸಿಬಿಡುತ್ತಿತ್ತು. ಜೋರ್ಡನ್ ಫಸ್ಟ್ ನೇಷನ್ಸ್ ಮಗು, ಅಂದರೆ ಮೂಲನಿವಾಸಿ ಗುಂಪಿನವನು. ಇವನ ಖರ್ಚು ಕೇಂದ್ರದ್ದು ಅಂತ ಪ್ರಾಂತ್ಯ ಹೇಳಿತು. ಇಲ್ಲ, ಪ್ರಾಂತ್ಯದ್ದು ಅಂತ ಕೇಂದ್ರ ಹೇಳಿತು. ಪತ್ರಗಳು ಆ ಕಡೆ ಈ ಕಡೆ ಓಡಾಡಿದವು. ಎರಡು ವರ್ಷಕ್ಕೂ ಜಾಸ್ತಿ ಕಾಲ ಹೀಗೇ ಕಳೆಯಿತು. 2005ರಲ್ಲಿ, ಐದು ವರ್ಷದ ಜೋರ್ಡನ್ ಆಸ್ಪತ್ರೆಯಲ್ಲೇ ತೀರಿಕೊಂಡ. ಒಂದು ದಿನವೂ ಮನೆ ಅನ್ನುವ ಜಾಗದಲ್ಲಿ ಇರಲಿಲ್ಲ.

ಕೆನಡಾದ ಸಂಸತ್ತಿನಲ್ಲಿ ಮೂಲನಿವಾಸಿಗಳ ಆರೋಗ್ಯದ ಬಗ್ಗೆ ಮಾತು ಬಂದಾಗಲೆಲ್ಲ ಈ ಹುಡುಗನ ಹೆಸರು ಬರುತ್ತದೆ. ಅವನ ಕಥೆ ಗೊತ್ತಿಲ್ಲದೆ ಅಲ್ಲಿನ ಚರ್ಚೆ ಅರ್ಥವಾಗುವುದಿಲ್ಲ.

ಜಗಳದ ಬೇರು

ಕೆನಡಾದಲ್ಲಿ ಮೂಲನಿವಾಸಿಗಳು ಅಂದರೆ ಮೂರು ದೊಡ್ಡ ಗುಂಪು: ಫಸ್ಟ್ ನೇಷನ್ಸ್, ಇನ್ಯೂಟ್, ಮೇಟಿ. 2021ರ ಜನಗಣತಿ ಪ್ರಕಾರ ಇವರೆಲ್ಲ ಸೇರಿ ಸುಮಾರು 18 ಲಕ್ಷ ಜನ, ದೇಶದ ಜನಸಂಖ್ಯೆಯಲ್ಲಿ ಶೇಕಡ 5. ಆ ದೇಶದ ಸರ್ಕಾರಿ ಆರೋಗ್ಯ ವ್ಯವಸ್ಥೆ ಹೆಸರುವಾಸಿ. ವೈದ್ಯರ ಹತ್ತಿರ ಹೋದರೆ, ಆಸ್ಪತ್ರೆ ಸೇರಿದರೆ ಜೇಬಿಗೆ ಕೈಹಾಕಬೇಕಿಲ್ಲ. ಹಾಗಿದ್ದೂ ಮೂಲನಿವಾಸಿಗಳು ಯಾಕೆ ಹೊರಗೆ ಉಳಿದರು?

ಉತ್ತರ 1867ರ ಸಂವಿಧಾನದಲ್ಲಿದೆ. ಅದು ಆಸ್ಪತ್ರೆಗಳನ್ನು ಪ್ರಾಂತ್ಯಗಳ ಕೈಗೆ ಕೊಟ್ಟಿತು. ‘ಇಂಡಿಯನ್ನರು ಮತ್ತು ಅವರಿಗೆ ಮೀಸಲಾದ ಜಮೀನು’ ಎಂಬ ವಿಷಯವನ್ನು ಕೇಂದ್ರದ ಕೈಗೆ ಕೊಟ್ಟಿತು. ಹಾಗಾದರೆ ಮೀಸಲು ಪ್ರದೇಶದಲ್ಲಿ ಇರುವ ಮನುಷ್ಯನಿಗೆ ಕಾಯಿಲೆ ಬಂದರೆ? ಎರಡೂ ಕಡೆಯವರು ಬೆರಳು ತೋರಿಸಲು ಇಷ್ಟು ಸಾಕಾಯಿತು.

ಇದಾದ ಮೇಲೆ ಮಾತು ಕೊಟ್ಟಿದ್ದೂ ಇದೆ. 1876ರಲ್ಲಿ ಬಯಲು ಸೀಮೆಯ ಕ್ರೀ ಮತ್ತಿತರ ಜನರ ಜೊತೆ ಬ್ರಿಟಿಷ್ ರಾಣಿಯ ಪರವಾಗಿ ಆರನೇ ಒಪ್ಪಂದ ಆಯಿತು. ಅದರಲ್ಲಿ ಒಂದು ಸಾಲು ಇದೆ: ಪ್ರತಿಯೊಬ್ಬ ಸರ್ಕಾರಿ ಏಜೆಂಟನ ಮನೆಯಲ್ಲಿ ಒಂದು ಔಷಧಿ ಪೆಟ್ಟಿಗೆ ಇಡಬೇಕು. ಸಹಿ ಹಾಕಿದ ಹಿರಿಯರಿಗೆ ಅದರ ಅರ್ಥ ಸ್ಪಷ್ಟವಾಗಿತ್ತು. ನಮ್ಮ ನೆಲ ನಿಮ್ಮ ಜೊತೆ ಹಂಚಿಕೊಳ್ಳುತ್ತೇವೆ, ನಮಗೆ ರೋಗ ಬಂದರೆ ನೋಡಿಕೊಳ್ಳುವುದು ನಿಮ್ಮ ಹೊಣೆ. ಆದರೆ 1966ರಲ್ಲಿ ಸಸ್ಕ್ಯಾಚೆವನ್‌ನ ಮೇಲ್ಮನವಿ ನ್ಯಾಯಾಲಯ ಆ ಸಾಲಿಗೆ ಅಕ್ಷರಶಃ ಅರ್ಥ ಮಾಡಿತು. ಪೆಟ್ಟಿಗೆ ಅಂದರೆ ಪೆಟ್ಟಿಗೆ ಅಷ್ಟೇ. ಇಡೀ ಆರೋಗ್ಯ ಸೇವೆ ಅಂತ ಅದರಲ್ಲಿ ಬರೆದಿಲ್ಲ.

ಕೇಂದ್ರ ಸರ್ಕಾರದ ನಿಲುವೂ ಬಹಳ ಕಾಲ ಇದರ ಜಾಡಿನಲ್ಲೇ ಇತ್ತು. ಮೂಲನಿವಾಸಿಗಳಿಗೆ ಆರೋಗ್ಯ ಸೇವೆ ಕೊಡುತ್ತೇವೆ, ಆದರೆ ಅದು ನಮ್ಮ ನೀತಿ, ಕಾನೂನಿನ ಕಟ್ಟುಪಾಡಲ್ಲ. ಕೇಳಲು ಸಣ್ಣ ವ್ಯತ್ಯಾಸ ಅನ್ನಿಸಬಹುದು. ಅಲ್ಲ. ಕಾನೂನಿದ್ದರೆ ಹಕ್ಕು ಅಂತ ಕೇಳಬಹುದು. ನೀತಿ ಮಾತ್ರ ಇದ್ದರೆ ಈ ವರ್ಷದ ಬಜೆಟ್ಟಿನಲ್ಲಿ ಎಷ್ಟು ಉಳಿದಿದೆ ಅಂತ ಕಾಯಬೇಕು.

ಕಾದವರ ಪರಿಸ್ಥಿತಿ ಹೇಗಿರುತ್ತದೆ? 2015ರಲ್ಲಿ ಕೆನಡಾದ ಮಹಾ ಲೆಕ್ಕಪರಿಶೋಧಕರು ಮ್ಯಾನಿಟೋಬಾ ಮತ್ತು ಒಂಟಾರಿಯೊದ ದೂರದ ಊರುಗಳ ನರ್ಸಿಂಗ್ ಸ್ಟೇಷನ್‌ಗಳನ್ನು ಪರಿಶೀಲಿಸಿದರು. ಅಲ್ಲಿ ವೈದ್ಯರು ಇರುವುದಿಲ್ಲ, ಬಂದು ಹೋಗುತ್ತಾರೆ. ಉಳಿದ ದಿನ ಹೆರಿಗೆ ನೋವಿನಿಂದ ಹಿಡಿದು ಎದೆನೋವಿನವರೆಗೆ ಎಲ್ಲ ನೋಡುವುದು ನರ್ಸ್. ಕೇಂದ್ರ ಸರ್ಕಾರವೇ ಕಡ್ಡಾಯ ಮಾಡಿದ ಐದು ತರಬೇತಿಗಳನ್ನು ಪೂರ್ತಿ ಮುಗಿಸಿದವರು ಎಷ್ಟು ಮಂದಿ ಅಂತ ನೋಡಿದಾಗ, 45 ನರ್ಸ್‌ಗಳಲ್ಲಿ ಸಿಕ್ಕಿದ್ದು ಒಬ್ಬರು. ಇದು ನರ್ಸ್‌ಗಳ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ರಜೆ ಕೊಟ್ಟು ತರಬೇತಿಗೆ ಕಳಿಸಿದರೆ ಆ ಜಾಗದಲ್ಲಿ ಕೂರಲು ಇನ್ನೊಬ್ಬರು ಬೇಕಲ್ಲ.

ಎಲ್ಲರೂ ಕೈ ಎತ್ತಿದ ದಿನ

ಈಗ ಸಂಸತ್ತಿಗೆ ಬರೋಣ. 2007ರ ಡಿಸೆಂಬರ್ 12. ನ್ಯೂ ಡೆಮಾಕ್ರಟಿಕ್ ಪಕ್ಷದ (ಎನ್‌ಡಿಪಿ) ಸಂಸದೆ ಜೀನ್ ಕ್ರೌಡರ್ ತಂದ ನಿರ್ಣಯಕ್ಕೆ ಕೆಳಮನೆ ಒಪ್ಪಿಗೆ ಕೊಟ್ಟಿತು. ಒಂದೇ ಒಂದು ವಿರೋಧದ ಮತ ಬೀಳಲಿಲ್ಲ. ನಿರ್ಣಯಕ್ಕೆ ‘ಜೋರ್ಡನ್ಸ್ ಪ್ರಿನ್ಸಿಪಲ್’, ಅಂದರೆ ಜೋರ್ಡನ್ ಹೆಸರಿನ ತತ್ವ, ಅಂತ ಹೆಸರು. ಹೇಳುವುದು ತುಂಬಾ ಸರಳ. ಫಸ್ಟ್ ನೇಷನ್ಸ್ ಮಗುವಿಗೆ ಸೇವೆ ಬೇಕಾದಾಗ, ಯಾವ ಸರ್ಕಾರದ ಬಾಗಿಲಿಗೆ ಮೊದಲು ಬಂತೋ ಆ ಸರ್ಕಾರವೇ ಖರ್ಚು ಕೊಡಬೇಕು. ಯಾರ ಪಾಲು ಎಷ್ಟು ಅನ್ನುವ ಲೆಕ್ಕ ಆಮೇಲೆ ತಮ್ಮತಮ್ಮಲ್ಲಿ ಬಗೆಹರಿಸಿಕೊಳ್ಳಲಿ. ಮಗು ಕಾಯಬಾರದು. ಜೋರ್ಡನ್‌ನ ಅಪ್ಪ ಬೇಡಿಕೊಂಡಿದ್ದೂ ಒಂದೇ: ನನ್ನ ಮಗನ ಹೆಸರಿನಲ್ಲಿ ಆಗುತ್ತಿರುವ ಈ ಒಳ್ಳೆಯ ಕೆಲಸ ಬರೀ ಮಾತಿನ ಗೆಲುವಾಗಿ ನಿಲ್ಲದಿರಲಿ.

ನಿಂತಿತು. ಅದೂ ಎಂಟು ವರ್ಷಕ್ಕೂ ಜಾಸ್ತಿ ಕಾಲ.

ಹೇಗೆ ಅಂತ ನೋಡಬೇಕು, ಯಾಕೆಂದರೆ ಕೈಚಳಕ ಇರುವುದು ಇಲ್ಲಿಯೇ. ಯಾರೂ ನಿರ್ಣಯವನ್ನು ತಿರಸ್ಕರಿಸಲಿಲ್ಲ. ಅದರ ಅರ್ಥವನ್ನು ಕಚೇರಿಯಲ್ಲಿ ಕೂತು ಸಣ್ಣದು ಮಾಡಿದರು. ಒಂದಲ್ಲ, ಹಲವು ಅಂಗವೈಕಲ್ಯ ಇರುವ ಮಗುವಾಗಿರಬೇಕು. ಮೀಸಲು ಪ್ರದೇಶದಲ್ಲಿ ವಾಸ ಇರಬೇಕು. ಕೇಂದ್ರ ಮತ್ತು ಪ್ರಾಂತ್ಯದ ನಡುವೆ ಜಗಳ ಇದೆ ಅಂತ ಎರಡೂ ಸರ್ಕಾರ ಒಪ್ಪಿಕೊಂಡಿರಬೇಕು. ಈ ಜರಡಿಯಲ್ಲಿ ಯಾವ ಮಗು ಉಳಿಯುತ್ತದೆ? ಒಂದೂ ಉಳಿಯಲಿಲ್ಲ. ಜೋರ್ಡನ್ಸ್ ಪ್ರಿನ್ಸಿಪಲ್‌ಗೆ ಸೇರುವ ಪ್ರಕರಣಗಳೇ ಇಲ್ಲ ಅಂತ ಸರ್ಕಾರ ಹೇಳುತ್ತಾ ಬಂತು.

ನೋವಾ ಸ್ಕೋಶಿಯಾದ ಪಿಕ್ಟೂ ಲ್ಯಾಂಡಿಂಗ್ ಎಂಬ, ಮಿಗ್‌ಮಾ ಸಮುದಾಯದ ಊರಿನ ಒಬ್ಬ ತಾಯಿಯ ವಿಷಯ ಕೇಳಿ. ಮಗನಿಗೆ ಹಲವು ರೀತಿಯ ಅಂಗವೈಕಲ್ಯ. ಅವನನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. 2010ರಲ್ಲಿ ಅವಳಿಗೇ ಪಾರ್ಶ್ವವಾಯು ಬಡಿಯಿತು. ಮನೆಯಲ್ಲಿ ನೋಡಿಕೊಳ್ಳಲು ನೆರವು ಕೊಡಿ ಅಂತ ಊರಿನ ಪಂಚಾಯ್ತಿ ಕೇಂದ್ರವನ್ನು ಕೇಳಿತು. ಆಗುವುದಿಲ್ಲ ಅಂತ ಉತ್ತರ ಬಂತು. ಆ ಪುಟ್ಟ ಊರು ಕೋರ್ಟಿಗೆ ಹೋಯಿತು. 2013ರಲ್ಲಿ ಫೆಡರಲ್ ಕೋರ್ಟ್ ಊರಿನ ಪರ ತೀರ್ಪು ಕೊಟ್ಟಿತು. ಸರ್ಕಾರ ಮೇಲ್ಮನವಿ ಹಾಕಿ ಮರುವರ್ಷ ಹಿಂದಕ್ಕೆ ತೆಗೆದುಕೊಂಡಿತು. ಸಂಸತ್ತು ಒಮ್ಮತದಿಂದ ಒಪ್ಪಿದ ಮಾತನ್ನು ನಡೆಸಿಕೊಡಿ ಅನ್ನಲು, ಕಾಯಿಲೆ ಬಿದ್ದ ತಾಯಿಯೊಬ್ಬಳು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಈ ಪ್ರಕರಣ ಓದುವಾಗ ನನಗೆ ಸಿಟ್ಟು ತಡೆಯಲು ಆಗುವುದಿಲ್ಲ.

ಸದನದ ನಿರ್ಣಯ ಅಂದರೆ ಏನು ಅನ್ನುವುದು ಇಲ್ಲಿ ಮುಖ್ಯ. ಕಾನೂನು ಬೇರೆ, ನಿರ್ಣಯ ಬೇರೆ. ಇಂಥ ನಿರ್ಣಯ ಸದನದ ಅಭಿಪ್ರಾಯ. ಸರ್ಕಾರ ಅದನ್ನು ಪಾಲಿಸದಿದ್ದರೆ ಯಾರಿಗೂ ಶಿಕ್ಷೆ ಇಲ್ಲ.

ತುರ್ತು ಚರ್ಚೆಯ ಕಥೆ ಇನ್ನೂ ವಿಚಿತ್ರ. 2016ರ ಏಪ್ರಿಲ್‌ನಲ್ಲಿ ಉತ್ತರ ಒಂಟಾರಿಯೊದ ಅಟಾವಪಿಸ್ಕಾಟ್ ಎಂಬ, ಸುಮಾರು 2,000 ಜನರ ಮೂಲನಿವಾಸಿ ಊರು ತುರ್ತು ಪರಿಸ್ಥಿತಿ ಘೋಷಿಸಿತು. ಒಂದೇ ದಿನ 11 ಮಂದಿ ಜೀವ ಕಳೆದುಕೊಳ್ಳಲು ಯತ್ನಿಸಿದ್ದರು. ಹಲವರು ಎಳೆಯರು. ಆ ಭಾಗದ ಸಂಸದ ಚಾರ್ಲಿ ಆಂಗಸ್ ತುರ್ತು ಚರ್ಚೆ ಕೇಳಿದರು. ಸ್ಪೀಕರ್ ಒಪ್ಪಿದರು. ಏಪ್ರಿಲ್ 12ರ ರಾತ್ರಿ ಎಲ್ಲ ಪಕ್ಷದವರೂ ಮಾತಾಡಿದರು. ಹಲವರ ದನಿ ನಡುಗಿತು. ಆ ನೋವು ನಿಜವಾದದ್ದು ಅಂತಲೇ ನಾನು ನಂಬುತ್ತೇನೆ.

ಆದರೆ ಕೆನಡಾದ ಸದನದ ನಿಯಮದಲ್ಲಿ ತುರ್ತು ಚರ್ಚೆ ಶುರುವಾಗುವುದು ‘ಸದನವನ್ನು ಈಗ ಮುಂದೂಡಬೇಕು’ ಎಂಬ ಸೂಚನೆಯ ಮೇಲೆ. ಅಂದರೆ ಕಾಗದದ ಮೇಲೆ ಅವರು ಚರ್ಚೆ ಮಾಡುತ್ತಿರುವುದು ಮನೆಗೆ ಹೋಗಬೇಕೋ ಬೇಡವೋ ಅಂತ. ಮಧ್ಯರಾತ್ರಿ ಹನ್ನೆರಡಕ್ಕೆ ಅದು ತಾನಾಗಿ ಮುಗಿಯುತ್ತದೆ. ಮತಕ್ಕೆ ಹಾಕುವ ವಿಷಯ ಇರುವುದಿಲ್ಲ. ಯಾರಿಗೂ ಆದೇಶ ಹೋಗುವುದಿಲ್ಲ. ದುಡ್ಡು ಮಂಜೂರಾಗುವುದಿಲ್ಲ.

ಇಂಥ ಚರ್ಚೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಆ ರಾತ್ರಿಯ ನಂತರ ದೇಶದ ಕ್ಯಾಮೆರಾಗಳು ಅಟಾವಪಿಸ್ಕಾಟ್ ಕಡೆ ತಿರುಗಿದವು, ಮಂತ್ರಿಗಳು ಊರಿಗೆ ಹೋದರು, ನೆರವಿನ ಮಾತು ಕೊಟ್ಟರು. ಬೆಳಕು ಬೀಳುವುದಕ್ಕೂ ಬೆಲೆ ಇದೆ. ಆದರೆ ಬೆಳಕು ಬೀಳದ ಊರುಗಳ ಗತಿ?

ಅದೇ ವರ್ಷದ ಜುಲೈ. ಒಂಟಾರಿಯೊದ ಇನ್ನೊಂದು ದೂರದ ಊರು, ವಪೆಕೆಕಾ. ಮಕ್ಕಳ ನಡುವೆ ಜೀವ ಕಳೆದುಕೊಳ್ಳುವ ಮಾತುಕತೆ ನಡೆದಿರುವುದು ಊರಿನವರಿಗೆ ಗೊತ್ತಾಯಿತು. ಅವರು ಸುಮ್ಮನೆ ಕೂರಲಿಲ್ಲ. ಮಾನಸಿಕ ಆರೋಗ್ಯ ತಂಡ ಬೇಕು ಅಂತ ಕೇಂದ್ರ ಸರ್ಕಾರಕ್ಕೆ ಅರ್ಜಿ ಬರೆದರು. ಕೇಳಿದ್ದು ಸುಮಾರು 3,76,000 ಡಾಲರ್. ಎಚ್ಚರಿಕೆ ಮುಂಚೆಯೇ ಸಿಕ್ಕಿತ್ತು. ಏನು ಬೇಕು ಅನ್ನುವುದು ಊರಿಗೆ ಗೊತ್ತಿತ್ತು. ದುಡ್ಡು ಬರಲಿಲ್ಲ. 2017ರ ಜನವರಿಯಲ್ಲಿ 12 ವರ್ಷದ ಇಬ್ಬರು ಹುಡುಗಿಯರು ತೀರಿಕೊಂಡರು. ಅರ್ಜಿ ಬಂದಾಗ ಬಜೆಟ್ ವರ್ಷದ ಅಡ್ಡ ಸಮಯವಾಗಿತ್ತು ಅನ್ನುವುದು ಆರೋಗ್ಯ ಇಲಾಖೆ ಕೊಟ್ಟ ಕಾರಣ.

ಇಲ್ಲಿ ಕ್ರೂರ ಮನುಷ್ಯ ಅಂತ ಒಬ್ಬನನ್ನು ತೋರಿಸಲು ಆಗುವುದಿಲ್ಲ. ಫೈಲು ಇತ್ತು, ಕಾಲಂ ಇತ್ತು, ಹಣಕಾಸು ವರ್ಷ ಇತ್ತು. ಇಂಥ ದಿನದೊಳಗೆ ಉತ್ತರ ಕೊಡಲೇಬೇಕು ಅನ್ನುವ ಕಟ್ಟು ಮಾತ್ರ ಇರಲಿಲ್ಲ.

ಆ ಕಟ್ಟು ಬಂದಿದ್ದು ಸಂಸತ್ತಿನಿಂದಲ್ಲ. 2007ರ ಆರಂಭದಲ್ಲಿ ಗಿಟ್ಕ್‌ಸನ್ ಸಮುದಾಯದ ಸಿಂಡಿ ಬ್ಲ್ಯಾಕ್‌ಸ್ಟಾಕ್ ಮುನ್ನಡೆಸುವ ಮಕ್ಕಳ ಸಂಸ್ಥೆ ಮತ್ತು ಫಸ್ಟ್ ನೇಷನ್ಸ್‌ಗಳ ಒಕ್ಕೂಟವಾದ ‘ಅಸೆಂಬ್ಲಿ ಆಫ್ ಫಸ್ಟ್ ನೇಷನ್ಸ್’ ಸೇರಿ, ಫಸ್ಟ್ ನೇಷನ್ಸ್ ಮಕ್ಕಳಿಗೆ ತಾರತಮ್ಯ ಆಗುತ್ತಿದೆ ಅಂತ ಮಾನವ ಹಕ್ಕುಗಳ ದೂರು ಕೊಟ್ಟಿದ್ದವು. ಕೇಸು ವರ್ಷಗಟ್ಟಲೆ ಎಳೆಯಿತು. ವಿಚಾರಣೆ ನೋಡಲು ಶಾಲಾ ಮಕ್ಕಳು ಬಂದು ಸಭಾಂಗಣ ತುಂಬಿಸುತ್ತಿದ್ದರು. ‘ಸ್ಪಿರಿಟ್ ಬೇರ್’ ಅಂತ ಹೆಸರಿನ ಒಂದು ಗೊಂಬೆ ಕರಡಿಯೂ ಕೇಸಿನ ಮಕ್ಕಳೆಲ್ಲರ ಪರವಾಗಿ ಅಲ್ಲಿ ಕೂರುತ್ತಿತ್ತು. 2016ರ ಜನವರಿ 26ರಂದು ಕೆನಡಾದ ಮಾನವ ಹಕ್ಕುಗಳ ನ್ಯಾಯಮಂಡಳಿ ತೀರ್ಪು ಕೊಟ್ಟಿತು: ಸರ್ಕಾರ ಈ ಮಕ್ಕಳಿಗೆ ತಾರತಮ್ಯ ಮಾಡಿದೆ, ಜೋರ್ಡನ್ಸ್ ಪ್ರಿನ್ಸಿಪಲ್ಲನ್ನು ಸಣ್ಣದು ಮಾಡಿದ್ದು ನಿಲ್ಲಬೇಕು, ಅದು ಪೂರ್ತಿಯಾಗಿ ಜಾರಿಗೆ ಬರಬೇಕು.

ಆಗಲೂ ಕೆಲಸ ಆಗಲಿಲ್ಲ. 2017ರಲ್ಲಿ ಮಂಡಳಿ ಗಡಿಯಾರ ತಂದಿಟ್ಟಿತು. ವಪೆಕೆಕಾದ ಸಾವುಗಳನ್ನೂ ಆ ಆದೇಶದಲ್ಲಿ ನೆನೆಯಿತು. ತುರ್ತು ಅರ್ಜಿಯಾದರೆ 12 ಗಂಟೆಯೊಳಗೆ ತೀರ್ಮಾನ ಆಗಬೇಕು. ಸಾಮಾನ್ಯ ಅರ್ಜಿಯಾದರೆ 48 ಗಂಟೆ. ಮಗು ಮೀಸಲು ಪ್ರದೇಶದಲ್ಲಿ ಇರಲಿ, ನಗರದಲ್ಲಿ ಇರಲಿ. ಅಂಗವೈಕಲ್ಯ ಇರಲಿ, ಇಲ್ಲದಿರಲಿ. ಎರಡು ಸರ್ಕಾರಗಳ ನಡುವೆ ಜಗಳ ಇದ್ದೇ ಇರಬೇಕು ಅಂತಲೂ ಇಲ್ಲ.

ಆಮೇಲೆ ನೋಡಿ. ಒಂದೂ ಪ್ರಕರಣ ಇಲ್ಲ ಅಂತಿದ್ದ ಕಡೆ ಲಕ್ಷಾಂತರ ಅರ್ಜಿಗಳಿಗೆ ಒಪ್ಪಿಗೆ ಸಿಕ್ಕಿತು. ಗಾಲಿಕುರ್ಚಿ, ಕಿವಿಯ ಯಂತ್ರ, ಮಾತಿನ ತರಬೇತಿ, ಹಲ್ಲಿನ ಚಿಕಿತ್ಸೆ. ಮಕ್ಕಳು ಎಲ್ಲಿಂದಲೋ ಹೊಸದಾಗಿ ಬರಲಿಲ್ಲ. ಮೊದಲೂ ಇದ್ದರು. ಜೋರ್ಡನ್‌ನ ಅಪ್ಪ ಕೇಳಿದ್ದನ್ನು ಕೊಡಲು ಶುರು ಮಾಡಿದ್ದು ಗಂಟೆ ಲೆಕ್ಕದ ಗಡುವು. ಸದನದ ಒಮ್ಮತಕ್ಕೆ ಅದು ಆಗಿರಲಿಲ್ಲ. ಈ ಇಡೀ ವಿಷಯದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ.

ಸದನದ ಒಮ್ಮತ ಆಮೇಲೂ ಹರಿದು ಬರುತ್ತಲೇ ಇತ್ತು. 2016ರ ನವೆಂಬರ್‌ನಲ್ಲಿ ತೀರ್ಪು ಪಾಲಿಸಿ ಅನ್ನುವ ನಿರ್ಣಯಕ್ಕೆ ವಿರೋಧ ಇರಲಿಲ್ಲ. 2021ರ ಜೂನ್ 7ರಂದು, ಈ ಮಕ್ಕಳ ವಿರುದ್ಧ ಕೋರ್ಟಿನಲ್ಲಿ ಹೋರಾಡುವುದನ್ನು ನಿಲ್ಲಿಸಿ ಅನ್ನುವ ನಿರ್ಣಯ ಬಂತು. ಪರವಾಗಿ 271, ವಿರುದ್ಧ ಸೊನ್ನೆ. ಸಂಪುಟದ ಮಂತ್ರಿಗಳು ಮತ ಹಾಕದೆ ಉಳಿದರು. ಆಮೇಲೂ ಸರ್ಕಾರ ಕೇಸು ಬಿಡಲಿಲ್ಲ. ಮಕ್ಕಳಿಗೆ ತಲಾ 40,000 ಡಾಲರ್ ಪರಿಹಾರ ಕೊಡಿ ಅಂತ ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಫೆಡರಲ್ ಕೋರ್ಟ್ ಸರ್ಕಾರದ ಆಕ್ಷೇಪವನ್ನು ತಳ್ಳಿಹಾಕಿದ ಮೇಲೆ ರಾಜಿಯ ಮಾತು ಬಿರುಸಾಯಿತು. ಕೊನೆಗೆ 2023ರ ಅಕ್ಟೋಬರ್‌ನಲ್ಲಿ 2,334 ಕೋಟಿ ಡಾಲರ್ ಪರಿಹಾರದ ಒಪ್ಪಂದಕ್ಕೆ ಕೋರ್ಟಿನ ಮುದ್ರೆ ಬಿತ್ತು. ಆ ಮೊತ್ತದ ಪಕ್ಕ ಒಂದು ಷವರ್‌ನ ಬೆಲೆ ಇಟ್ಟು ನೋಡಿ.

ದುಡ್ಡಿನಿಂದ ಸರಿಹೋಗದ್ದು

ಬಿಲ್ಲಿನ ಜಗಳ ಒಂದು ಗೋಡೆ. ಅದನ್ನು ದಾಟಿ ಆಸ್ಪತ್ರೆಯ ಒಳಗೆ ಹೋದವರಿಗೆ ಇನ್ನೊಂದು ಗೋಡೆ ಎದುರಾಗುತ್ತದೆ.

2008ರ ಸೆಪ್ಟೆಂಬರ್. ವಿನ್ನಿಪೆಗ್‌ನ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗ. 45 ವರ್ಷದ ಮೂಲನಿವಾಸಿ ಬ್ರಯನ್ ಸಿಂಕ್ಲೇರ್ ಗಾಲಿಕುರ್ಚಿಯಲ್ಲಿ ಬಂದರು. ಎರಡೂ ಕಾಲು ಕತ್ತರಿಸಿದ್ದರು. ಮೂತ್ರದ ನಳಿಕೆ ಕಟ್ಟಿಕೊಂಡಿತ್ತು. ಒಂದು ಕ್ಲಿನಿಕ್ಕಿನಿಂದ ಚೀಟಿಯನ್ನೂ ತಂದಿದ್ದರು. ನಳಿಕೆ ಬದಲಿಸಿ ಔಷಧಿ ಕೊಟ್ಟಿದ್ದರೆ ಸಾಕಿತ್ತು. ಅವರು 34 ಗಂಟೆ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ವಾಂತಿ ಮಾಡಿಕೊಂಡರು. ಅಲ್ಲಿ ಕಾಯುತ್ತಿದ್ದ ಬೇರೆಯವರು, ಇವರನ್ನು ಸ್ವಲ್ಪ ನೋಡಿ ಅಂತ ಸಿಬ್ಬಂದಿಗೆ ಹೇಳಿದರು. ಯಾರೂ ಬರಲಿಲ್ಲ. ಕುಡಿದು ಮಲಗಿದ್ದಾನೆ, ಮನೆ ಇಲ್ಲದವನು ಬೆಚ್ಚಗೆ ಕೂರಲು ಬಂದಿದ್ದಾನೆ ಅಂತ ಅಂದುಕೊಂಡಿದ್ದರು. ಕೊನೆಗೆ ಮುಟ್ಟಿ ನೋಡಿದಾಗ ದೇಹ ಸೆಟೆದುಕೊಂಡಿತ್ತು.

ಇಲ್ಲಿ ಯಾವ ಸರ್ಕಾರ ಖರ್ಚು ಕೊಡಬೇಕು ಅನ್ನುವ ಪ್ರಶ್ನೆ ಇರಲಿಲ್ಲ. ಆಸ್ಪತ್ರೆ ಇತ್ತು, ವೈದ್ಯರಿದ್ದರು, ಔಷಧಿ ಇತ್ತು, ಎಲ್ಲ ಕೆಲವೇ ಮೀಟರ್ ದೂರದಲ್ಲಿ. ಅಡ್ಡ ಬಂದಿದ್ದು ಮುಖ ನೋಡಿ ಕಟ್ಟಿಕೊಂಡ ಕಲ್ಪನೆ.

ಹನ್ನೆರಡು ವರ್ಷದ ನಂತರ ಕ್ವಿಬೆಕ್‌ನ ಜೊಲಿಯೆಟ್‌ನಲ್ಲಿ ಅದೇ ಕಥೆ. ಈ ಸಲ ಜಗತ್ತು ಕಿವಿಯಾರೆ ಕೇಳಿತು. 2020ರ ಸೆಪ್ಟೆಂಬರ್ 28ರಂದು, ಏಳು ಮಕ್ಕಳ ತಾಯಿ, ಅಟಿಕಮೆಕ್ ಎಂಬ ಮೂಲನಿವಾಸಿ ಸಮುದಾಯದ 37 ವರ್ಷದ ಮಹಿಳೆ ಜಾಯ್ಸ್ ಎಷಕ್ವಾನ್ ಆಸ್ಪತ್ರೆಯ ಹಾಸಿಗೆಯಿಂದ ಫೇಸ್‌ಬುಕ್ ಲೈವ್ ಹಾಕಿದರು. ಅವರು ನೋವಿನಿಂದ ಕೂಗುತ್ತಿದ್ದಾಗ ಸಿಬ್ಬಂದಿ ಅವರನ್ನು ಹೀಯಾಳಿಸುತ್ತಿದ್ದ ದನಿ ಅದರಲ್ಲಿ ದಾಖಲಾಯಿತು. ಅದೇ ದಿನ ಅವರು ತೀರಿಕೊಂಡರು. ಮರಣ ವಿಚಾರಣಾಧಿಕಾರಿ ಗೆಹಾನ್ ಕಮೆಲ್ 2021ರ ವರದಿಯಲ್ಲಿ ಸ್ಪಷ್ಟವಾಗಿ ಬರೆದರು: ಜನಾಂಗ ದ್ವೇಷ ಈ ಸಾವಿಗೆ ಕಾರಣಗಳಲ್ಲಿ ಒಂದು, ಈ ಸಾವನ್ನು ತಪ್ಪಿಸಬಹುದಿತ್ತು, ವ್ಯವಸ್ಥೆಯೊಳಗೇ ಜನಾಂಗ ದ್ವೇಷ ಇದೆ ಅಂತ ಸರ್ಕಾರ ಒಪ್ಪಿಕೊಳ್ಳಬೇಕು.

ಆ ಒಂದು ಮಾತಿನ ಮೇಲೆ ಕ್ವಿಬೆಕ್ ಶಾಸನಸಭೆಯಲ್ಲಿ ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆಯಿತು. ಅಟಿಕಮೆಕ್ ಜನ ‘ಜಾಯ್ಸ್ ಪ್ರಿನ್ಸಿಪಲ್’ ಅಂತ ಬೇಡಿಕೆಗಳನ್ನು ಬರೆದು ಮುಂದಿಟ್ಟರು. ತಾರತಮ್ಯ ಇಲ್ಲದೆ ಚಿಕಿತ್ಸೆ ಸಿಗಬೇಕು, ತಮ್ಮ ಆರೋಗ್ಯದ ತಿಳಿವಳಿಕೆಗೆ ಗೌರವ ಇರಬೇಕು ಅನ್ನುವುದು ಅದರ ತಿರುಳು. ಕ್ವಿಬೆಕ್ ಸರ್ಕಾರಕ್ಕೆ ಅದರಲ್ಲಿದ್ದ ‘ವ್ಯವಸ್ಥೆಯೊಳಗಿನ ಜನಾಂಗ ದ್ವೇಷ’ ಎಂಬ ಮಾತು ಹಿಡಿಸಲಿಲ್ಲ. 2024ರ ಡಿಸೆಂಬರ್‌ನಲ್ಲಿ ಒಂದು ಕಾನೂನು ಬಂತು. ಆಸ್ಪತ್ರೆಗಳು ಮೂಲನಿವಾಸಿಗಳ ಸಂಸ್ಕೃತಿಗೆ ಹೊಂದುವ ಹಾಗೆ ನಡೆದುಕೊಳ್ಳಬೇಕು ಅಂತ ಅದು ಹೇಳುತ್ತದೆ. ನಮ್ಮನ್ನು ಕೇಳದೆ ನಮಗಾಗಿ ಬರೆದ ಕಾನೂನು ಅನ್ನುವುದು ಅಟಿಕಮೆಕ್ ನಾಯಕರ ತಕರಾರು. ಅವರ ತಕರಾರಿನಲ್ಲಿ ನ್ಯಾಯ ಇದೆ. ರೋಗದ ಹೆಸರು ಹೇಳಲು ಒಪ್ಪದ ವೈದ್ಯ ಬರೆದ ಚೀಟಿಯನ್ನು ಎಷ್ಟು ನಂಬುವುದು?

ನಂಬಿಕೆಯ ವಿಷಯಕ್ಕೆ ಹಳೆಯ ನೆನಪುಗಳೂ ಸೇರಿಕೊಳ್ಳುತ್ತವೆ. ಕೇಂದ್ರ ಸರ್ಕಾರ ‘ಇಂಡಿಯನ್ ಆಸ್ಪತ್ರೆ’ ಅಂತ ಬೇರೆಯೇ ಆಸ್ಪತ್ರೆಗಳನ್ನು ನಡೆಸಿತ್ತು. ಅಲ್ಲಿ ಅನುಭವಿಸಿದ ಹಿಂಸೆಗೆ ಪರಿಹಾರ ಕೊಡುವ ಒಪ್ಪಂದ 2025ರಲ್ಲಿ ಆಯಿತು. ಕ್ಷಯ ಬಂದ ಇನ್ಯೂಟ್ ಜನರನ್ನು ಹಡಗಿನಲ್ಲಿ ದಕ್ಷಿಣಕ್ಕೆ ಸಾಗಿಸುತ್ತಿದ್ದರು. ಎಷ್ಟೋ ಮನೆಯವರಿಗೆ ತಮ್ಮವರು ಎಲ್ಲಿ ತೀರಿಕೊಂಡರು, ಎಲ್ಲಿ ಹೂತಿದ್ದಾರೆ ಅನ್ನುವುದೂ ತಿಳಿಯಲಿಲ್ಲ. 2019ರಲ್ಲಿ ಪ್ರಧಾನಿ ಇನ್ಯೂಟ್ ಜನರ ನಾಡಿನ ಇಕಾಲುಯಿಟ್‌ಗೆ ಹೋಗಿ ಕ್ಷಮೆ ಕೇಳಿದರು. 2009ರಲ್ಲಿ ಹಂದಿಜ್ವರ ಹರಡಿದಾಗ ಮ್ಯಾನಿಟೋಬಾದ ಕೆಲವು ಊರುಗಳಿಗೆ ಕೇಂದ್ರದಿಂದ ಬಂದ ಸಾಮಾನಿನಲ್ಲಿ ಹೆಣ ತುಂಬುವ ಚೀಲಗಳಿದ್ದವು. ಚಳಿಗಾಲಕ್ಕೆ ದಾಸ್ತಾನು ಕಳಿಸುವಾಗ ಲೆಕ್ಕ ಜಾಸ್ತಿಯಾಯಿತು ಅಂತ ಇಲಾಖೆ ಹೇಳಿತು. ಅದು ನಿಜವೇ ಇರಬಹುದು. ಔಷಧಿ ಬರುತ್ತದೆ ಅಂತ ಕಾಯುತ್ತಾ ಪೆಟ್ಟಿಗೆ ಬಿಚ್ಚಿದವರ ಕೈಯಲ್ಲಿ ಇದ್ದದ್ದು ಮಾತ್ರ ಆ ಚೀಲ.

ಊರಿಗೆ ಮರಳಿದ ಹೆರಿಗೆ

ಕೆಟ್ಟದ್ದನ್ನೇ ಹೇಳಿ ಮುಗಿಸಿದರೆ ಅರ್ಧ ಸತ್ಯ ಆಗುತ್ತದೆ. ಸರಿಯಾಗಿ ನಡೆದಿರುವ ಕಡೆ ಏನು ಮಾಡಿದ್ದಾರೆ ಅಂತ ನೋಡಬೇಕು.

ದೂರದ ಊರುಗಳ ಗರ್ಭಿಣಿಯರನ್ನು ದಿನ ತುಂಬುವುದಕ್ಕೆ ಕೆಲವು ವಾರ ಮುಂಚೆಯೇ ವಿಮಾನ ಹತ್ತಿಸಿ ನಗರಕ್ಕೆ ಕಳಿಸುವುದು ಕೆನಡಾದಲ್ಲಿ ದಶಕಗಳಿಂದ ನಡೆದು ಬಂದ ಪದ್ಧತಿ. ಅಪಾಯ ಆಗದಿರಲಿ ಅನ್ನುವುದು ಉದ್ದೇಶ. ಆದರೆ ಅಲ್ಲಿ ಹಾಸ್ಟೆಲಿನಲ್ಲೋ ಬಾಡಿಗೆ ಕೋಣೆಯಲ್ಲೋ ಗುರುತಿನವರಿಲ್ಲದೆ, ತನ್ನ ಭಾಷೆ ಆಡುವವರಿಲ್ಲದೆ ಕಾಯಬೇಕು. ದೊಡ್ಡ ಮಕ್ಕಳು ಊರಲ್ಲಿ. ಜೊತೆಗೆ ಒಬ್ಬರು ಹೋಗುವ ಖರ್ಚನ್ನು ಎಲ್ಲ ಗರ್ಭಿಣಿಯರಿಗೂ ಕೇಂದ್ರ ಕೊಡುತ್ತದೆ ಅಂತ ಆಗಿದ್ದು 2017ರಲ್ಲಿ. ಅಲ್ಲಿಯವರೆಗೆ ಎಷ್ಟೋ ಹೆಂಗಸರು ಒಬ್ಬರೇ ಹೋಗಿ, ಒಬ್ಬರೇ ಹೆತ್ತು, ಮಗು ಎತ್ತಿಕೊಂಡು ಬಂದರು.

ಉತ್ತರ ಕ್ವಿಬೆಕ್‌ನಲ್ಲಿ ಹಡ್ಸನ್ ಕೊಲ್ಲಿಯ ದಡದ ಪುವಿರ್ನಿಟುಕ್ ಎಂಬ ಇನ್ಯೂಟ್ ಊರಿನ ಹೆಂಗಸರು ಇದನ್ನು ಒಪ್ಪಲಿಲ್ಲ. 1986ರಲ್ಲಿ ಅಲ್ಲಿ ಹೆರಿಗೆ ಕೇಂದ್ರ ಶುರುವಾಯಿತು. ಊರಿನ ಹೆಣ್ಣುಮಕ್ಕಳೇ ಅಲ್ಲಿಯೇ ಕಲಿತು ಸೂಲಗಿತ್ತಿಯರಾದರು. ಹಿರಿಯರ ಅನುಭವ, ಇವತ್ತಿನ ವೈದ್ಯಕೀಯ ತರಬೇತಿ ಎರಡೂ ಸೇರಿದವು. ಯಾವ ಗರ್ಭಿಣಿಯನ್ನು ದಕ್ಷಿಣಕ್ಕೆ ಕಳಿಸಬೇಕು ಅನ್ನುವುದನ್ನು ಸೂಲಗಿತ್ತಿಯರು, ವೈದ್ಯರು, ನರ್ಸ್‌ಗಳು ಕೂತು ಒಟ್ಟಿಗೆ ತೀರ್ಮಾನಿಸುತ್ತಾರೆ. ಈಗ ಆ ಕರಾವಳಿಯ ಬಹುಪಾಲು ಮಕ್ಕಳು ತಮ್ಮ ಜನರ ನಡುವೆಯೇ ಹುಟ್ಟುತ್ತಾರೆ. ಅಜ್ಜಿ ಪಕ್ಕದ ಕೋಣೆಯಲ್ಲೇ ಇರುತ್ತಾಳೆ. ಮಗು ಕೇಳುವ ಮೊದಲ ಮಾತು ಇನುಕ್ಟಿಟುಟ್ ಭಾಷೆಯದು.

ಬ್ರಿಟಿಷ್ ಕೊಲಂಬಿಯಾದಲ್ಲಿ ಇನ್ನೂ ದೊಡ್ಡ ಹೆಜ್ಜೆ ಇಟ್ಟರು. 2013ರಲ್ಲಿ ಕೇಂದ್ರ ಸರ್ಕಾರ ಆ ಪ್ರಾಂತ್ಯದ 200ಕ್ಕೂ ಹೆಚ್ಚು ಫಸ್ಟ್ ನೇಷನ್ಸ್ ಊರುಗಳ ಆರೋಗ್ಯ ಸೇವೆಯ ದುಡ್ಡು ಮತ್ತು ಅಧಿಕಾರವನ್ನು ಅವರದೇ ಆರೋಗ್ಯ ಪ್ರಾಧಿಕಾರಕ್ಕೆ ಒಪ್ಪಿಸಿತು. ಹಾಗಂತ ಅಲ್ಲಿ ಎಲ್ಲ ಸರಿಹೋಯಿತು ಅಂತಲ್ಲ. 2020ರಲ್ಲಿ ಅದೇ ಪ್ರಾಂತ್ಯದ ಆಸ್ಪತ್ರೆಗಳ ಬಗ್ಗೆ ನಡೆದ ಸ್ವತಂತ್ರ ತನಿಖೆಯಲ್ಲಿ, ಸಮೀಕ್ಷೆಗೆ ಉತ್ತರ ಕೊಟ್ಟ ಮೂಲನಿವಾಸಿಗಳಲ್ಲಿ ಶೇಕಡ 84 ಮಂದಿ ಚಿಕಿತ್ಸೆಯ ವೇಳೆ ಒಂದಲ್ಲ ಒಂದು ರೀತಿಯ ತಾರತಮ್ಯ ಅನುಭವಿಸಿದ್ದಾಗಿ ಹೇಳಿದರು. ಆದರೂ ವ್ಯತ್ಯಾಸ ಇದೆ. ಬಜೆಟ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಮೇಜಿನಲ್ಲಿ ಈಗ ಅವರ ಜನರೇ ಕೂತಿದ್ದಾರೆ.

ಇಡೀ ದೇಶಕ್ಕೆ ಮೂಲನಿವಾಸಿಗಳ ಆರೋಗ್ಯಕ್ಕೇ ಒಂದು ಕಾನೂನು ತರುತ್ತೇವೆ, ಅದನ್ನು ಅವರ ಜೊತೆ ಕೂತೇ ಬರೆಯುತ್ತೇವೆ ಅಂತ ಕೇಂದ್ರ ಸರ್ಕಾರ 2021ರ ಜನವರಿಯಲ್ಲಿ ಕೆಲಸ ಶುರು ಮಾಡಿತು. ಜಾಯ್ಸ್ ಸಾವಿನ ಬಿಸಿ ಇನ್ನೂ ಆರಿರಲಿಲ್ಲ. ಸಭೆಗಳು ನಡೆದವು. ಆದರೆ ಆ ಸರ್ಕಾರದ ಅವಧಿ 2025ರಲ್ಲಿ ಮುಗಿದಾಗಲೂ ಮಸೂದೆ ಸದನಕ್ಕೆ ಬಂದಿರಲಿಲ್ಲ.

ಅಷ್ಟರಲ್ಲಿ ಜೋರ್ಡನ್ಸ್ ಪ್ರಿನ್ಸಿಪಲ್‌ನ ಅರ್ಜಿಗಳು ಮತ್ತೆ ರಾಶಿ ಬಿದ್ದವು. 48 ಗಂಟೆಯ ಕೆಲಸಕ್ಕೆ ತಿಂಗಳುಗಟ್ಟಲೆ ಕಾಯುವ ಹಾಗಾಯಿತು. 2024ರ ನವೆಂಬರ್‌ನಲ್ಲಿ ನ್ಯಾಯಮಂಡಳಿ ಮತ್ತೆ ಮಧ್ಯೆ ಬಂದು, ಈ ರಾಶಿ ಕರಗಿಸಲು ದಾರಿ ಹುಡುಕಿ ಅಂತ ಆದೇಶ ಕೊಟ್ಟಿತು. 2025ರ ಫೆಬ್ರವರಿಯಲ್ಲಿ ಇಲಾಖೆ ಹೊಸ ನಿಯಮ ಹೊರಡಿಸಿತು. ಏನನ್ನು ಕೊಡಬಹುದು, ಏನನ್ನು ಕೊಡುವ ಹಾಗಿಲ್ಲ ಅನ್ನುವ ಗೆರೆಗಳು ಬಿಗಿಯಾದವು. ದುಡ್ಡು ಮೂಲ ಉದ್ದೇಶ ಬಿಟ್ಟು ಬೇರೆ ಕಡೆ ಹೋಗಬಾರದು ಅನ್ನುವುದು ಸರ್ಕಾರದ ವಾದ. ಸಾರ್ವಜನಿಕರ ದುಡ್ಡಿಗೆ ಲೆಕ್ಕ ಬೇಕು, ಅದನ್ನು ನಾನೂ ಒಪ್ಪುತ್ತೇನೆ. ಆದರೆ 2007ರ ನಂತರವೂ ಇದೇ ಆಗಿದ್ದು. ಆಗಲೂ ಯಾರೂ ಬೇಡ ಅನ್ನಲಿಲ್ಲ. ಗೆರೆ ಎಳೆಯುತ್ತಾ ಹೋದರು.

ಅದೇ ವರ್ಷದ ಮೇ ತಿಂಗಳಲ್ಲಿ ಕ್ರೀ ಸಮುದಾಯದ ಮ್ಯಾಂಡಿ ಗಲ್-ಮಾಸ್ಟಿ ಮೂಲನಿವಾಸಿಗಳ ಸೇವಾ ಇಲಾಖೆಯ ಮಂತ್ರಿಯಾದರು. ಆ ಕುರ್ಚಿಯಲ್ಲಿ ಮೂಲನಿವಾಸಿ ಸಮುದಾಯದವರೊಬ್ಬರು ಕೂತಿದ್ದು ಅದೇ ಮೊದಲು. ಜೋರ್ಡನ್ ಕೂಡ ಕ್ರೀ ಹುಡುಗ. ಅವನ ಹೆಸರಿನ ಅರ್ಜಿಗಳು ಈಗ ಬಂದು ಬೀಳುವುದು ಅವರ ಇಲಾಖೆಗೆ. ಸದನದಲ್ಲಿ ಮುಂದಿನ ಸಲ ಚರ್ಚೆ ನಡೆದಾಗ ಭಾಷಣಗಳ ನಡುವೆ ನಾನು ಕೇಳಿಸಿಕೊಳ್ಳಲು ಕಾಯುವುದು ಒಂದು ಸಂಖ್ಯೆಯನ್ನು: ತುರ್ತು ಅಂತ ಬಂದ ಅರ್ಜಿಗಳಲ್ಲಿ ಎಷ್ಟಕ್ಕೆ 12 ಗಂಟೆಯೊಳಗೆ ಉತ್ತರ ಹೋಯಿತು?